ಆದಿತಾಳದ ಕಿವಿಗೆ ಹೌಸ್ ರೆಕಾರ್ಡು

ಬೆಂಗಳೂರಿನ ಯಾವ ಸಂಗೀತ ಕಛೇರಿಗೆ ಹೋದರೂ ಗಾಯಕರ ಪಕ್ಕದಲ್ಲೊಂದು ಪುಟ್ಟ ಪೆಟ್ಟಿಗೆ ಕಾಣುತ್ತದೆ. ಶ್ರುತಿ ಹೊಂದಿಸಿ ಗುಂಡಿ ತಿರುಗಿಸಿದರೆ ಪಂಚಮ, ಷಡ್ಜಗಳು ಎಡೆಬಿಡದೆ ಮಿಡಿಯತೊಡಗುತ್ತವೆ. ಈ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ರೂಪಿಸಿದವರು ಜಿ. ರಾಜ್ ನಾರಾಯಣ್. ಕೊಳಲು ನುಡಿಸುವವರು, ಎಂಜಿನಿಯರ್, ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು. ಅವರು ಕಟ್ಟಿದ ರಾಡೆಲ್ ಸಂಸ್ಥೆಯಿಂದಲೇ ಮುಂದೆ ತಬಲಾ ನುಡಿಸುವ ‘ತಾಳಮಾಲಾ’ ಕೂಡ ಬಂತು. ತಾಳ ಆರಿಸಿ, ಕಾಲಪ್ರಮಾಣ ಹೊಂದಿಸಿ ಬಿಟ್ಟರೆ ನಮಗೆ ಸಾಕೆನಿಸುವವರೆಗೂ ಅದು ಲಯ ಬಿಡದೆ ನುಡಿಯುತ್ತಿರುತ್ತದೆ. ಡಿಸ್ಕೊ, ಹೌಸ್, ಟೆಕ್ನೊ ಮಾಡುವವರು ಡ್ರಮ್ ಮಷೀನ್ ಎಂದು ಕರೆಯುವುದು ಇಂಥ ಯಂತ್ರವನ್ನೇ.

ಎಚ್‌ಎಎಲ್ ದಾಟಿ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಪೂರ್ವಕ್ಕೆ ಬಂದರೆ ಸಿಗುವುದು ನಮ್ಮ ಮಾರತ್ತಹಳ್ಳಿ ಬ್ರಿಡ್ಜ್. ಇಲ್ಲಿನ ಪಿಜಿಗಳಲ್ಲಿ, ಮುನ್ನೇಕೊಳಾಲಿನ ಅಪಾರ್ಟ್‌ಮೆಂಟುಗಳಲ್ಲಿ, ಔಟರ್ ರಿಂಗ್ ರೋಡಿನ ಟೆಕ್ ಪಾರ್ಕುಗಳಲ್ಲಿ ಹಗಲಿಡೀ ಹೆಡ್‌ಫೋನ್ ಹಾಕಿಕೊಂಡು ಕೋಡ್ ಬರೆಯುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಹೌಸ್, ಟೆಕ್ನೊ ಕೇಳುತ್ತಾರೆ. ಮಾತಿಲ್ಲದ, ಒಂದೇ ನಡೆಯ ಸಂಗೀತ ಕೆಲಸಕ್ಕೆ ಒದಗುತ್ತದೆ ಎಂಬುದು ಅವರ ಕಾರಣ. ಅವರಲ್ಲಿ ಕೆಲವರು ಈಗ ಟರ್ನ್‌ಟೇಬಲ್ ಕೊಳ್ಳುತ್ತಿದ್ದಾರೆ. ಕೊಂಡ ಮೇಲೆ ಬರುವ ಮೊದಲ ಪ್ರಶ್ನೆ, ಯಾವ ರೆಕಾರ್ಡ್ ತರಲಿ ಎಂಬುದು. ಅಂಗಡಿಯಲ್ಲಿ ಮೊದಲು ಕೈಗೆ ಬರುವುದು ಬೀಟಲ್ಸ್, ಪಿಂಕ್ ಫ್ಲಾಯ್ಡ್, ಕಿಶೋರ್ ಕುಮಾರ್. ಅವು ಒಳ್ಳೆಯವೇ. ಆದರೆ ರೆಕಾರ್ಡಿನ ಮೇಲೆಯೇ ಹುಟ್ಟಿ, ರೆಕಾರ್ಡಿಗಾಗಿಯೇ ಬೆಳೆದ ಸಂಗೀತವೆಂದರೆ ಹೌಸ್. ಅದನ್ನು ಬಿಟ್ಟು ಟರ್ನ್‌ಟೇಬಲ್ ಇಟ್ಟುಕೊಂಡರೆ ಆ ಯಂತ್ರದ ಅರ್ಧ ಶಕ್ತಿ ನಮಗೆ ತಿಳಿಯುವುದೇ ಇಲ್ಲ. ಕನ್ನಡದ ಕೇಳುಗರಿಗೆ ಇದರಲ್ಲಿ ಕಲಿಯುವುದು ಹೆಚ್ಚೇನೂ ಇಲ್ಲ, ತೊಡೆಯ ಮೇಲೆ ತಾಳ ಹಾಕಿ ಬೆಳೆದ ಕಿವಿ ಇದಕ್ಕೆ ಆಗಲೇ ಸಿದ್ಧವಾಗಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಹೇಗೆಂದು ಹೇಳುತ್ತೇನೆ. ಹೌಸ್ ಸಂಗೀತದ ನಡೆ ನಿಮಿಷಕ್ಕೆ ಸುಮಾರು 120ರಿಂದ 128 ಪೆಟ್ಟು. ಪ್ರತಿ ಪೆಟ್ಟಿಗೂ ಕಿಕ್ ಡ್ರಮ್ಮಿನ ಗುದ್ದು, ಎರಡು ಗುದ್ದುಗಳ ನಡುವೆ ಹೈ-ಹ್ಯಾಟಿನ ‘ಚ್ಸ್’. ನಾಲ್ಕು ಪೆಟ್ಟಿಗೆ ಒಂದು ಬಾರ್. ಹೊಸದೊಂದು ವಾದ್ಯ ಸೇರುವುದಾಗಲಿ, ಇದ್ದದ್ದು ಬಿಟ್ಟುಹೋಗುವುದಾಗಲಿ ಸಾಮಾನ್ಯವಾಗಿ ಎಂಟು ಬಾರ್‌ಗಳಿಗೊಮ್ಮೆ, ಅಂದರೆ 32 ಪೆಟ್ಟಿಗೊಮ್ಮೆ. ಆದಿತಾಳದ ಆವರ್ತಕ್ಕೆ ಎಂಟು ಎಣಿಕೆ. ನಾಲ್ಕು ಆವರ್ತ ಹಾಕಿದರೆ 32 ಆಯಿತು. ಯಾವುದಾದರೂ ಹೌಸ್ ರೆಕಾರ್ಡ್ ಹಾಕಿ, ಕಿಕ್ ಶುರುವಾದಲ್ಲಿಂದ ಕೈಯಲ್ಲಿ ಆದಿತಾಳ ಹಾಕುತ್ತ ಹೋಗಿ. ನಾಲ್ಕನೆಯ ಆವರ್ತ ಮುಗಿದು ಸಮಕ್ಕೆ ಬರುವ ಹೊತ್ತಿಗೆ ಸರಿಯಾಗಿ ಏನೋ ಒಂದು ಬದಲಾಗುತ್ತದೆ. ಹಾಡಿನ ಮೊದಲ ಒಂದೆರಡು ನಿಮಿಷ, ಕೊನೆಯ ಒಂದೆರಡು ನಿಮಿಷ ಬರೀ ತಾಳವೇ ಇರುವುದಕ್ಕೂ ಕಾರಣವಿದೆ: ಒಂದು ರೆಕಾರ್ಡಿನ ಕೊನೆಯನ್ನು ಇನ್ನೊಂದರ ಮೊದಲಿನೊಡನೆ ಡಿಜೆ ಹೊಂದಿಸಬೇಕು. ಮನೆಯಲ್ಲಿ ಒಂದೇ ಟರ್ನ್‌ಟೇಬಲ್ ಇದ್ದವರು ಈ ಭಾಗವನ್ನು ಬೇಸರವೆಂದು ದಾಟಿಸಬಾರದು. ತನಿ ಆವರ್ತನವನ್ನು ಕೇಳುವ ಮನಸ್ಸಿನಿಂದ ಕೇಳಬೇಕು.

ಈ ಸಂಗೀತ ಹುಟ್ಟಿದ್ದು ಅಮೆರಿಕದ ಶಿಕಾಗೊದಲ್ಲಿ. 1979ರ ಜುಲೈ 12ರಂದು ಅಲ್ಲಿನ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಸ್ಫೋಟಿಸಿದರು. ಡಿಸ್ಕೊ ಎಂದರೆ ಕಪ್ಪು ಜನರ, ಲ್ಯಾಟಿನೊಗಳ, ಸಲಿಂಗಿಗಳ ಸಂಗೀತ ಎಂಬ ಅಸಹನೆ ಆ ಬೆಂಕಿಯಲ್ಲಿ ಬಹಳವಿತ್ತು. ಅದೇ ಊರಿನಲ್ಲಿ 1977ರಿಂದಲೇ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಎಂಬ ಡಿಜೆ ಅದೇ ಜನರಿಗಾಗಿ ರೆಕಾರ್ಡ್ ನುಡಿಸುತ್ತಿದ್ದರು. ಹೌಸ್ ಎಂಬ ಹೆಸರು ಆ ಕ್ಲಬ್ಬಿನಿಂದಲೇ ಬಂತೆಂಬುದು ಎಲ್ಲರೂ ಹೇಳುವ ಮಾತು. ದೊಡ್ಡ ಕಂಪನಿಗಳು ಡಿಸ್ಕೊ ಕೈಬಿಟ್ಟಾಗ ಅಗ್ಗದ ಜಪಾನಿ ಯಂತ್ರಗಳನ್ನು ಇಟ್ಟುಕೊಂಡು ಹುಡುಗರು ಮನೆಯಲ್ಲೇ ಸಂಗೀತ ಮಾಡಿದರು, ಸಣ್ಣ ಕಂಪನಿಗಳಿಂದ ರೆಕಾರ್ಡ್ ಒತ್ತಿಸಿದರು. ಜನ ಸುಟ್ಟ ವಸ್ತುವಿನ ಮೇಲೆಯೇ ಈ ಸಂಗೀತ ಮತ್ತೆ ಎದ್ದು ನಿಂತಿತು. ಆ ಕಾರಣಕ್ಕೇ ಇದನ್ನು ರೆಕಾರ್ಡಿನಲ್ಲಿ ಕೇಳುವುದಕ್ಕೆ ನನಗೆ ಇಷ್ಟೊಂದು ಬೆಲೆ.

ಈಗ ಶಿಫಾರಸಿಗೆ ಬರುತ್ತೇನೆ. ಮೊದಲ ರೆಕಾರ್ಡ್ ಶಿಕಾಗೊದ್ದಲ್ಲ, ಮುಂಬೈಯದು.

ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ದಶಕಗಳ ಕಾಲ ನುಡಿಸಿದವರು. ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು ಅವರ ಬಳಿ ಇದ್ದವು: ತಾಳಕ್ಕೆ ಟಿಆರ್-808, ತಗ್ಗಿನ ಸ್ವರಕ್ಕೆ ಟಿಬಿ-303, ರಾಗಕ್ಕೆ ಜುಪಿಟರ್-8. ಆ ಮೂರನ್ನೂ ಜೋಡಿಸಿ 1982ರಲ್ಲಿ ಅವರು ಹತ್ತು ರಾಗಗಳನ್ನು ಡಿಸ್ಕೊ ನಡೆಯಲ್ಲಿ ನುಡಿಸಿದರು. ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಹೆಸರಿನಲ್ಲಿ ಎಚ್‌ಎಂವಿ ಅದನ್ನು ಹೊರತಂದಿತು. ಯಾರೂ ಕೊಳ್ಳಲಿಲ್ಲ ಎಂದೇ ಹೇಳಬೇಕು. ಐದು ವರ್ಷದ ನಂತರ, 1987ರಲ್ಲಿ, ಶಿಕಾಗೊದ ಫ್ಯೂಚರ್ ಎಂಬ ತಂಡ ಅದೇ 303 ಯಂತ್ರವನ್ನು ತಿರುಚಿ ‘ಆಸಿಡ್ ಟ್ರ್ಯಾಕ್ಸ್’ ಮಾಡಿತು. ಆಸಿಡ್ ಹೌಸ್ ಎಂಬ ಶಾಖೆ ಹುಟ್ಟಿದ್ದು ಅದರಿಂದ. ಶಿಕಾಗೊದವರು ಚರಣ್‌ಜಿತ್ ಸಿಂಗರನ್ನು ಕೇಳಿರಲಿಲ್ಲ. ಇವರು ಅವರಿಗೆ ಗುರುವೂ ಅಲ್ಲ. ಒಂದೇ ಯಂತ್ರ ಎರಡು ಕಡೆ ಸೂಕ್ಷ್ಮ ಕಿವಿಯವರ ಕೈಗೆ ಬಿದ್ದಿತ್ತು, ಅಷ್ಟೆ. ಗಿಟಾರ್ ನುಡಿಸುವವರ ಅಭ್ಯಾಸಕ್ಕೆ ಬಾಸ್ ಸಾಥ್ ಕೊಡಲೆಂದು ಮಾಡಿದ ಯಂತ್ರವದು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ಅದಕ್ಕಿದೆ. ಸಾಮಾನ್ಯ ಕೀಬೋರ್ಡಿನಲ್ಲಿ ಸಿಗದ ಜಾರು ಅಲ್ಲಿ ಸಿಕ್ಕಿತು, ಚರಣ್‌ಜಿತ್ ಸಿಂಗ್ ಅದನ್ನು ಹಿಡಿದುಕೊಂಡರು.

ನೆದರ್ಲೆಂಡ್ಸಿನ ‘ಬಾಂಬೆ ಕನೆಕ್ಷನ್’ ಎಂಬ ಸಣ್ಣ ಕಂಪನಿ 2010ರಲ್ಲಿ ಇದನ್ನು ಮತ್ತೆ ಒತ್ತಿಸಿತು. ಎಪ್ಪತ್ತು ದಾಟಿದ ಮೇಲೆ ಚರಣ್‌ಜಿತ್ ಸಿಂಗ್ ಯೂರೋಪಿನ ವೇದಿಕೆಗಳಲ್ಲಿ ಈ ಸಂಗೀತ ನುಡಿಸಿದರು. 2015ರಲ್ಲಿ ತೀರಿಕೊಂಡರು. ಮೂಲ ಎಚ್‌ಎಂವಿ ಪ್ರತಿಗೆ ಈಗ ಸಾಮಾನ್ಯರು ಕೊಡಲಾಗದ ಬೆಲೆ, ಮರುಮುದ್ರಣವನ್ನೇ ಹುಡುಕಿ. ಕರ್ನಾಟಕ ಸಂಗೀತ ಬಲ್ಲವರಿಗೆ ಒಂದು ಸೂಚನೆ: ಇದರಲ್ಲಿರುವ ಭೂಪಾಲಿ ನಮ್ಮ ಮೋಹನ, ಮಾಲಕೌಂಸ್ ನಮ್ಮ ಹಿಂದೋಳ, ಯಮನ್ ನಮ್ಮ ಕಲ್ಯಾಣಿಗೆ ಹತ್ತಿರದ್ದು. ಅಲ್ಲಿಂದ ಶುರು ಮಾಡಿ. ಲಲಿತ್, ತೋಡಿಗಳನ್ನು ಆಮೇಲೆ ಕೇಳಿ. ರಾಗದ ಆಳ ಇದರಲ್ಲಿ ಸಿಗುತ್ತದೆಯೇ ಎಂದು ಕೇಳಿದರೆ, ಇಲ್ಲ. ವಿಲಂಬಿತದ ನಿಧಾನ ಇಲ್ಲಿಲ್ಲ, ಮಂದ್ರದಲ್ಲಿ ತಂಗುವ ವ್ಯವಧಾನ ಇಲ್ಲ. ಸಿಗುವುದು ರಾಗದ ನಡಿಗೆ; ತಾನದ ಹೊಳಪು. ಅದನ್ನು ಅಷ್ಟು ನಿಷ್ಠೆಯಿಂದ ಯಂತ್ರಕ್ಕೆ ಒಗ್ಗಿಸಿದವರು ಅಂದಿಗೆ ಬೇರೆ ಯಾರೂ ನನಗೆ ಕಾಣುವುದಿಲ್ಲ.

ಎರಡನೆಯದು ಅದಕ್ಕಿಂತ ಹಳೆಯ ಧ್ವನಿ, ಆದರೆ ಹೊಸ ರೆಕಾರ್ಡ್. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯಲ್ಲಿ, 1969ರಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರ ಮೂಗ್ ಸಿಂಥಸೈಸರ್ ಒಂದನ್ನು ಸ್ಥಾಪಿಸಿದರು. ದೇಶದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊ ಅದು. ಪಖಾವಜ್ ಕಲಿತಿದ್ದ, 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟ ಗೀತಾ ಸಾರಾಭಾಯ್ ಅದರ ಬೆನ್ನಿಗಿದ್ದರು. ಅವರು, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರಾ ಇವರೆಲ್ಲ ಟೇಪಿನ ಮೇಲೆ ಮಾಡಿಟ್ಟ ಪ್ರಯೋಗಗಳು ಸಂಸ್ಥೆಯ ಕಪಾಟಿನಲ್ಲಿ ದಶಕಗಳು ಮಲಗಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವನ್ನು ಹೊರತೆಗೆದರು. 2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್: ಎಲೆಕ್ಟ್ರಾನಿಕ್ ಮ್ಯೂಸಿಕ್ ಫ್ರಮ್ ಇಂಡಿಯಾ 1969–1972’ ಎಂಬ ಹೆಸರಿನಲ್ಲಿ ರೆಕಾರ್ಡ್ ಬಂತು. ಇದರಲ್ಲಿ ಕುಣಿಯುವುದಕ್ಕೆ ಏನೂ ಇಲ್ಲ. ಹಕ್ಕಿಯಂಥ ಸದ್ದು, ಅಲೆಯುವ ಶ್ರುತಿ, ಒಮ್ಮೊಮ್ಮೆ ತಟಕ್ಕನೆ ಬೀಳುವ ಲಯ. ಒಂದು ದೇಶ ತನ್ನ ಯಂತ್ರಗಳಿಂದ ಏನನ್ನು ಕೇಳಬಹುದೆಂದು ಕೆಲವರು ಮೂರು ವರ್ಷ ಮೈಮರೆತು ಹುಡುಕಿದ ದಾಖಲೆ ಇದು. ರಾತ್ರಿ ರಿಂಗ್ ರೋಡಿನ ಸದ್ದು ಅಡಗಿದ ಮೇಲೆ ಕೇಳಬೇಕು.

ಇವುಗಳ ಜೊತೆಯಲ್ಲೇ ಇಂದಿನವರೊಬ್ಬರನ್ನು ಇಟ್ಟುಕೊಳ್ಳಬೇಕು: ಅರೂಶಿ ಜೈನ್. ದೆಹಲಿಯವರು, ಈಗ ನ್ಯೂಯಾರ್ಕಿನಲ್ಲಿದ್ದಾರೆ. ಹಿಂದುಸ್ತಾನಿ ಸಂಗೀತ ಕಲಿತ ಕಂಠವನ್ನು ಮಾಡ್ಯುಲರ್ ಸಿಂಥಸೈಸರ್ ಜೊತೆ ಸೇರಿಸುತ್ತಾರೆ. 2021ರ ‘ಅಂಡರ್ ದ ಲೈಲ್ಯಾಕ್ ಸ್ಕೈ’ ಮುಸ್ಸಂಜೆಯ ರಾಗಗಳದ್ದು. 2024ರ ‘ಡಿಲೈಟ್’ ಬಾಗೇಶ್ರೀಯಿಂದ ಹುಟ್ಟಿದ್ದು. ನನಗೆ ಎರಡನೆಯದೇ ಹೆಚ್ಚು ಇಷ್ಟ. ಸ್ವರ ಬದಲಾಗುವ ಮುನ್ನ ಕಾಯುವ ಧೈರ್ಯ ಅದರಲ್ಲಿ ಹೆಚ್ಚು ಕಾಣುತ್ತದೆ.

ಇನ್ನು ಹೌಸ್‌ನ ಮನೆಮಂದಿ. ಶಿಕಾಗೊದ ಲ್ಯಾರಿ ಹರ್ಡ್, ಮಿಸ್ಟರ್ ಫಿಂಗರ್ಸ್ ಎಂಬ ಹೆಸರಿನಲ್ಲಿ 1986ರಲ್ಲಿ ‘ಕ್ಯಾನ್ ಯು ಫೀಲ್ ಇಟ್’ ಮಾಡಿದವರು. ಮೂಲತಃ ಡ್ರಮ್ಮರ್. ಒಂದು ಸಿಂಥಸೈಸರ್, ಒಂದು ಡ್ರಮ್ ಮಷೀನ್ ಇಟ್ಟುಕೊಂಡು ಆತ ಹೌಸ್‌ಗೆ ಮಾರ್ದವ ತಂದರು. ಬಹಳ ಕಾಲದ ನಂತರ ಅದೇ ಹೆಸರಿನಲ್ಲಿ 2018ರಲ್ಲಿ ‘ಸೆರೆಬ್ರಲ್ ಹೆಮಿಸ್ಫಿಯರ್ಸ್’, 2022ರಲ್ಲಿ ‘ಅರೌಂಡ್ ದ ಸನ್’ ಮೊದಲ ಭಾಗ ಬಂದವು. ಹೌಸ್ ಎಂದರೆ ಬರೀ ಗುದ್ದು ಎಂದು ತಿಳಿದ ಅಪ್ಪ ಅಮ್ಮನಿಗೆ ಕೇಳಿಸಬೇಕಾದ ರೆಕಾರ್ಡುಗಳಿವು. ಮಧ್ಯಮ ಕಾಲದಲ್ಲಿ ಹಿತವಾಗಿ ಸಾಗುವ ಕೃತಿ ಇಷ್ಟಪಡುವವರು ಲ್ಯಾರಿ ಹರ್ಡ್‌ರನ್ನು ಇಷ್ಟಪಡದೇ ಇರಲಾರರು. ಒಂದೇ ಒಂದು ಹೌಸ್ ಎಲ್‌ಪಿ ಕೊಳ್ಳಲು ದುಡ್ಡಿದೆ ಎನ್ನುವವರಿಗೆ ನಾನು ಹೇಳುವುದು ‘ಸೆರೆಬ್ರಲ್ ಹೆಮಿಸ್ಫಿಯರ್ಸ್’.

ನ್ಯೂಜೆರ್ಸಿಯ ಕೆರಿ ಚಾಂಡ್ಲರ್ 2022ರಲ್ಲಿ ‘ಸ್ಪೇಸಸ್ ಆ್ಯಂಡ್ ಪ್ಲೇಸಸ್’ ತಂದರು. ಲೋಕದ ಬೇರೆ ಬೇರೆ ಊರುಗಳ ಕ್ಲಬ್ಬುಗಳಿಗೆ ಹೋಗಿ, ಆ ಖಾಲಿ ಕೋಣೆಗಳಲ್ಲೇ ಕುಳಿತು, ಅಲ್ಲಿನ ಅನುರಣನವನ್ನೇ ಹಿಡಿದು ಒಂದೊಂದು ಹಾಡು ಕಟ್ಟಿದ್ದಾರೆ. ಒಂದೇ ತಂಬೂರಿ ಚೌಡಯ್ಯ ಹಾಲ್‌ನಲ್ಲಿ ಒಂದು ತರಹ, ದೇವಸ್ಥಾನದ ಕಲ್ಲುಮಂಟಪದಲ್ಲಿ ಇನ್ನೊಂದು ತರಹ ಕೇಳಿಸುವುದನ್ನು ಗಮನಿಸಿದವರಿಗೆ ಈ ಕೆಲಸದ ಮಹತ್ವ ತಟ್ಟನೆ ಹೊಳೆಯುತ್ತದೆ. ಬಾಸ್ ಭಾರ, ಒಳ್ಳೆಯ ಸ್ಪೀಕರ್ ಬೇಕು.

ಲಂಡನ್ನಿನ ಕೀರನ್ ಹೆಬ್ಡನ್, ಅಂದರೆ ಫೋರ್ ಟೆಟ್, ತಾಯಿಯ ಕಡೆಯಿಂದ ಭಾರತೀಯ ಮೂಲದವರು. ಅವರ 2015ರ ‘ಮಾರ್ನಿಂಗ್/ಈವ್ನಿಂಗ್’ ಅನ್ನು ರೆಕಾರ್ಡಿನಲ್ಲೇ ಕೇಳಬೇಕು. ಎರಡೇ ರಚನೆಗಳು, ಒಂದೊಂದು ಸುಮಾರು ಇಪ್ಪತ್ತು ನಿಮಿಷ, ಒಂದು ಮಗ್ಗುಲಿಗೆ ಒಂದು. ‘ಸೌತನ್’ ಚಿತ್ರಕ್ಕಾಗಿ ಉಷಾ ಖನ್ನಾ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಹಾಡಿನ ಧ್ವನಿ ಬೆಳಗಿನ ಮಗ್ಗುಲಿನಲ್ಲಿ ಯಂತ್ರದ ಲಯದ ಮೇಲೆ ತೇಲಿ ಬರುತ್ತದೆ. ಹೀಗೆ ಹಳೆಯ ಹಾಡಿನ ತುಣುಕು ಬಳಸುವವರು ಸಾಮಾನ್ಯವಾಗಿ ಅದನ್ನು ಕತ್ತರಿಸಿ ಅಲಂಕಾರಕ್ಕೆ ಅಂಟಿಸುತ್ತಾರೆ. ಇಲ್ಲಿ ಆ ಧ್ವನಿಗೆ ಉಸಿರಾಡಲು ಜಾಗವಿದೆ. ಎದ್ದು ಹೋಗಿ ರೆಕಾರ್ಡ್ ಮಗುಚಿ ಹಾಕಿದ ಮೇಲೆಯೇ ಸಂಜೆ ಶುರು.

ಫ್ಲೋಟಿಂಗ್ ಪಾಯಿಂಟ್ಸ್ ಎಂಬ ಹೆಸರಿನ ಸ್ಯಾಮ್ ಶೆಪರ್ಡ್ ನರವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಸ್ಯಾಕ್ಸೊಫೋನ್ ವಾದಕ ಫೇರೊ ಸ್ಯಾಂಡರ್ಸ್ ಮತ್ತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ 2021ರಲ್ಲಿ ಮಾಡಿದ ‘ಪ್ರಾಮಿಸಸ್’ನಲ್ಲಿ ಒಂದು ಪುಟ್ಟ ಸ್ವರಗುಚ್ಛ ಮತ್ತೆ ಮತ್ತೆ ಬರುತ್ತದೆ, ಅದರ ಸುತ್ತ ಮಿಕ್ಕದ್ದೆಲ್ಲ ಬೆಳೆಯುತ್ತದೆ. 2024ರ ‘ಕ್ಯಾಸ್ಕೇಡ್’ ಮಾತ್ರ ಪೂರ್ತಿ ಕುಣಿತದ್ದು. ಎರಡನ್ನೂ ಒಟ್ಟಿಗೆ ಕೊಳ್ಳಬೇಡಿ, ‘ಪ್ರಾಮಿಸಸ್’ ಮೊದಲು.

ಲಯದ ಲೆಕ್ಕ ಇಷ್ಟಪಡುವವರಿಗೆ, ಮೃದಂಗ ಕಲಿಯುವ ಮಕ್ಕಳಿಗೂ ಸೇರಿಸಿ, ಜೆಲಿನ್. ಇಂಡಿಯಾನಾದ ಗ್ಯಾರಿ ಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಲೇ ಸಂಗೀತ ಮಾಡಿದ ಹೆಣ್ಣುಮಗಳು. ಶಿಕಾಗೊದ ಫುಟ್‌ವರ್ಕ್ ಎಂಬ ಮಿಂಚಿನ ವೇಗದ ಶಾಖೆಯಿಂದ ಬಂದವರು. 2024ರ ‘ಅಕೋಮಾ’ದಲ್ಲಿ ಕ್ರೋನೋಸ್ ಕ್ವಾರ್ಟೆಟ್, ಫಿಲಿಪ್ ಗ್ಲಾಸ್ ಜೊತೆಗಿದ್ದಾರೆ. ಒಂದರೊಳಗೊಂದು ಹೆಣೆದ ತಿಶ್ರ, ಚತುರಶ್ರಗಳನ್ನು ಬಿಡಿಸುತ್ತ ಕೂತರೆ ಒಂದು ರಚನೆಗೆ ಒಂದು ಸಂಜೆ ಬೇಕು.

ಕೊಳ್ಳುವ ಮುನ್ನ ವಸ್ತುವಿನ ಬಗ್ಗೆ ಒಂದಿಷ್ಟು ತಿಳಿದಿರಬೇಕು. ರೆಕಾರ್ಡಿನ ಒಂದೊಂದು ಮಗ್ಗುಲಿನಲ್ಲೂ ಸದ್ದು ಇರುವುದು ಒಂದೇ ಉದ್ದನೆಯ ಸುರುಳಿ ಗೀರಿನಲ್ಲಿ. ಬಾಸ್ ಜೋರಾದಷ್ಟೂ ಗೀರು ಅಕ್ಕಪಕ್ಕಕ್ಕೆ ಹೆಚ್ಚು ಓಲಾಡುತ್ತದೆ, ಹೆಚ್ಚು ಜಾಗ ಬೇಕಾಗುತ್ತದೆ. ಅದಕ್ಕಾಗಿ ಕೆತ್ತುವಾಗ ಬಾಸ್ ತಗ್ಗಿಸಿ, ಮೇಲಿನ ಸ್ವರ ಏರಿಸುತ್ತಾರೆ. ನುಡಿಸುವಾಗ ಫೋನೊ ಆ್ಯಂಪ್ಲಿಫೈಯರ್ ಅದನ್ನು ತಿರುಗಿ ಸರಿಮಾಡುತ್ತದೆ. ಆದರೂ ಒಂದು ಮಗ್ಗುಲಿಗೆ ಇಪ್ಪತ್ತೆರಡು ನಿಮಿಷ ಮೀರಿ ತುಂಬಿದರೆ ಸದ್ದು ಸೊರಗುತ್ತದೆ. ನ್ಯೂಯಾರ್ಕಿನ ಟಾಮ್ ಮೌಲ್ಟನ್ 1970ರ ದಶಕದ ನಡುವಿನಲ್ಲಿ ಒಂದೇ ಹಾಡನ್ನು ದೊಡ್ಡ ತಟ್ಟೆಯ ಮೇಲೆ ಅಗಲವಾಗಿ ಕೆತ್ತಿಸಿ ನೋಡಿದಾಗ ಸದ್ದಿಗೆ ಹೊಸ ಮೈಕಟ್ಟು ಬಂತು. ಹನ್ನೆರಡು ಇಂಚಿನ ಸಿಂಗಲ್ ಹುಟ್ಟಿದ್ದು ಹಾಗೆ. ಹೌಸ್ ಬೆಳೆದದ್ದು ಇಂಥ ಸಿಂಗಲ್ಲುಗಳ ಮೇಲೆ. ಆಲ್ಬಮ್ಮಿಗಿಂತ 45 ಆರ್‌ಪಿಎಂ ಸಿಂಗಲ್ ಉತ್ತಮವಾಗಿ ಕೇಳಿಸುವುದಕ್ಕೂ, ಹೌಸ್ ಆಲ್ಬಮ್ಮುಗಳು ಎರಡು ಮೂರು ತಟ್ಟೆಗಳಲ್ಲಿ ಬರುವುದಕ್ಕೂ ಇದೇ ಕಾರಣ. ಮೂರು ತಟ್ಟೆ ಎಂದರೆ ಬೆಲೆ ಜಾಸ್ತಿ ಎಂದು ಗೊಣಗಬೇಡಿ. ಒಂದು ಗಂಟೆಯ ಬಾಸ್ ಸಂಗೀತವನ್ನು ಒಂದೇ ತಟ್ಟೆಗೆ ತುರುಕಿದ ರೆಕಾರ್ಡ್ ಕಂಡರೆ ಕೊಳ್ಳದೆ ಬಿಡಿ. ‘180 ಗ್ರಾಂ’ ಎಂಬ ಚೀಟಿಗೆ ಮರುಳಾಗಬೇಡಿ. ತೂಕದಿಂದ ಸದ್ದು ಬರುವುದಿಲ್ಲ, ಕೆತ್ತಿದವರ ಕೈಯಿಂದ ಬರುತ್ತದೆ.

ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್ ಕೊಂಡವರಿಗೆ ಬೇಸರದ ಮಾತೊಂದನ್ನು ಹೇಳಲೇಬೇಕು. ಅದರ ಮುಳ್ಳು ಗೀರಿನ ಮೇಲೆ ಬಹಳ ಭಾರ ಹಾಕುತ್ತದೆ, ಸ್ಪೀಕರೂ ಅದೇ ಪೆಟ್ಟಿಗೆಯೊಳಗಿದೆ. ಹೌಸ್ ರೆಕಾರ್ಡಿನ ಕಿಕ್ ಬಂದಾಗ ಮುಳ್ಳು ಜಿಗಿಯುತ್ತದೆ, ರೆಕಾರ್ಡ್ ಕೆಟ್ಟಿದೆ ಎಂದು ಜನ ವಾಪಸು ಕಳಿಸುತ್ತಾರೆ. ತಪ್ಪು ರೆಕಾರ್ಡಿನದಲ್ಲ. ಮುಳ್ಳಿನ ಭಾರವನ್ನು ಕಾರ್ಟ್ರಿಜ್ ತಯಾರಕರು ಹೇಳಿದಷ್ಟಕ್ಕೆ, ಬಹುತೇಕ ಎರಡು ಗ್ರಾಮಿನ ಆಸುಪಾಸಿಗೆ, ಹೊಂದಿಸಲು ಬರುವ ಟರ್ನ್‌ಟೇಬಲ್ ಇರಲಿ. ಡಿಜೆಗಳು ನೆಚ್ಚಿದ ಟೆಕ್ನಿಕ್ಸ್ ಎಸ್‌ಎಲ್-1200 ಬಂದದ್ದು 1972ರಲ್ಲಿ. 2010ರಲ್ಲಿ ನಿಲ್ಲಿಸಿ, ಜನ ಬಿಡದೆ ಕೇಳಿದ್ದರಿಂದ 2016ರಲ್ಲಿ ಮತ್ತೆ ಶುರು ಮಾಡಿದರು. ಮನೆಗೆ ಅಷ್ಟು ದೊಡ್ಡದು ಬೇಕಿಲ್ಲ. ಮಾರತ್ತಹಳ್ಳಿಯಲ್ಲಿ ಮುಖ್ಯವಾಗಿ ಬೇಕಾದದ್ದು ಕಾರ್ಬನ್ ಫೈಬರ್ ಬ್ರಷ್. ಮೆಟ್ರೊ ಕಾಮಗಾರಿಯ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ, ಗೀರಿನೊಳಗೆ ಕೂತು ಪ್ರತಿ ಸಲ ಮುಳ್ಳು ಹರಿದಾಗ ಸವೆಸುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ಸ್ಪೀಕರನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಎತ್ತರದಲ್ಲಿಡಿ. ಬಾಸ್ ಗೋಡೆ ದಾಟುತ್ತದೆ, ಕೆಳಗಿನ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದ್ದೀತು.

ಆಮದು ಎಲ್‌ಪಿಗೆ ಇಲ್ಲಿ ಮೂರು ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ, ಎರಡು ತಟ್ಟೆಯದಾದರೆ ಇನ್ನೂ ಹೆಚ್ಚು. ವಿದೇಶದಿಂದ ನೀವೇ ತರಿಸಿದರೆ ಅಂಚೆ, ಸುಂಕ, ತೆರಿಗೆ ಸೇರಿ ರೆಕಾರ್ಡಿನ ಬೆಲೆಯನ್ನೇ ಮೀರಬಹುದು. ನಾಲ್ಕೈದು ಗೆಳೆಯರು ಸೇರಿ ಒಂದೇ ಪೊಟ್ಟಣದಲ್ಲಿ ತರಿಸುವುದು ಜಾಣತನ. ಊರಲ್ಲಿ ‘ಆನ್ ದ ಜಂಗಲ್ ಫ್ಲೋರ್’ನಂಥ ಅಂಗಡಿ ಎಲೆಕ್ಟ್ರಾನಿಕ್ ರೆಕಾರ್ಡುಗಳಿಗೆ ಜಾಗ ಕೊಟ್ಟಿದೆ. ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ಹೌಸ್ ಸಿಗುವುದು ಅಪರೂಪ, ಆದರೆ ಹಳೆಯ ಕನ್ನಡ ಇ.ಪಿ.ಗಳು ಸಿಗುತ್ತವೆ. ರಾಜನ್-ನಾಗೇಂದ್ರ, ಜಿ. ಕೆ. ವೆಂಕಟೇಶ್ ಇವರ ಎಪ್ಪತ್ತರ ದಶಕದ ಕ್ಲಬ್ ಹಾಡುಗಳ ತಾಳಭಾಗ ಕೇಳಿದರೆ, ಇವು ಹೌಸ್ ಕೇಳುವವರ ಕಪಾಟಿನಲ್ಲೂ ಇರಬೇಕಾದವು ಎಂದು ನಿಮಗೇ ಅನಿಸುತ್ತದೆ.

ಈ ಊರಿನಲ್ಲಿ ಕುಣಿತಕ್ಕೆ ಸಲೀಸಾದ ಬದುಕು ಎಂದೂ ಇರಲಿಲ್ಲ. 2005ರ ಆದೇಶ ಡಿಸ್ಕೊಥೆಕ್, ಲೈವ್ ಬ್ಯಾಂಡುಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. ನಡುವಿನ ವರ್ಷಗಳಲ್ಲಿ ಪಬ್ಬುಗಳಲ್ಲಿ ಕುಣಿಯುವವರನ್ನು ನಿಲ್ಲಿಸಿ ಕೂರಿಸಿದ್ದನ್ನು ಕಂಡವರು ಇನ್ನೂ ಇದ್ದಾರೆ. ಇಂದಿರಾನಗರದಲ್ಲಿ 2013ರಿಂದ ಹೊಸ ಸಂಗೀತಕ್ಕೆ ಮನೆಯಾಗಿದ್ದ ‘ದಿ ಹಮ್ಮಿಂಗ್ ಟ್ರೀ’ 2019ರಲ್ಲಿ ಮುಚ್ಚಿತು. ಹೀಗಿದ್ದೂ ಇಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಬೆಳೆದಿದ್ದಾರೆ. ರಾಹುಲ್ ಗಿರಿ, ತನ್ವಿ ರಾವ್ ಜೋಡಿಯ ‘ಸಲ್ಕ್ ಸ್ಟೇಷನ್’ 2012ರಲ್ಲಿ ತಂದ ‘ಟಿಲ್ ಯು ಅಪಿಯರ್’ನಲ್ಲಿ ಹಿಂದುಸ್ತಾನಿ ಕಲಿತ ಕಂಠ, ನಿಧಾನದ ಯಂತ್ರಲಯ, ಬೆಂಗಳೂರಿನ ಮಳೆಗಾಲದ ಮಂಕು ಮೂರೂ ಇವೆ. ನಾನು ಅದನ್ನು ಕೇಳಿದ್ದು ಕಂಪ್ಯೂಟರಿನಲ್ಲಿ. ತಟ್ಟೆಯ ಮೇಲೆ ಕೇಳುವ ಆಸೆ ಇದೆ.

ಈ ಆಸೆ ಅತಿಯಾದದ್ದಲ್ಲ. ನಮ್ಮ ಊರಿನ ಸಂಗೀತ ಹಿಂದೆ ರೆಕಾರ್ಡಿಗೆ ಏರಿದೆ, ಲೋಕ ಸುತ್ತಿದೆ. ಟಿ. ಎ. ಎಸ್. ಮಣಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್. ಎ. ರಮಾಮಣಿ ಅವರ ಗಾಯನದೊಂದಿಗೆ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ನುಡಿಸಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಇಂದಿಗೂ ಜಗತ್ತಿನ ರೆಕಾರ್ಡ್ ಸಂಗ್ರಾಹಕರು ಅದನ್ನು ಹುಡುಕುತ್ತಾರೆ. ಆಗ ಜರ್ಮನಿಗೆ ಹೋಗಬೇಕಿತ್ತು. ಈಗ ಹಾಗಿಲ್ಲ. ಕೋಲ್ಕತ್ತದ ಡಮ್‌ಡಮ್‌ನ ಎಚ್‌ಎಂವಿ ಕಾರ್ಖಾನೆಯಲ್ಲಿ ವಿನೈಲ್ ರೆಕಾರ್ಡ್ ಒತ್ತುವುದು ನಿಂತು ದಶಕಗಳಾದ ಮೇಲೆ, ಮುಂಬೈಯ ಸಮನ್ವಿ ಡಿಜಿಮೀಡಿಯಾ 2024ರಲ್ಲಿ ದೇಶದೊಳಗೇ ಮತ್ತೆ ವಿನೈಲ್ ಒತ್ತಲು ಶುರು ಮಾಡಿದೆ. ಸಮುದ್ರ ದಾಟಬೇಕಿಲ್ಲ, ಕಸ್ಟಮ್ಸಿಗೆ ಕಾಯಬೇಕಿಲ್ಲ. ಕೆಲವು ನೂರು ಪ್ರತಿಗೆ ಗಿರಾಕಿಗಳು ಮೊದಲೇ ಹಣ ಕಟ್ಟಿದರೆ ಒಂದು ಹನ್ನೆರಡು ಇಂಚಿನ ಸಿಂಗಲ್ ಹೊರಬರುತ್ತದೆ.

ಮಾರತ್ತಹಳ್ಳಿ ಬ್ರಿಡ್ಜಿನಿಂದ ಬೆಳ್ಳಂದೂರಿನವರೆಗಿನ ಆಫೀಸುಗಳಲ್ಲೇ ಅಷ್ಟು ಜನ ಹೌಸ್ ಕೇಳುಗರು ಇದ್ದಾರೆಂದು ನಾನು ನಂಬುತ್ತೇನೆ. ಮುಂದಿನ ಆಮದು ರೆಕಾರ್ಡಿಗೆ ಎತ್ತಿಟ್ಟ ಮೂರು ಸಾವಿರದಲ್ಲಿ ಒಂದು ಪಾಲನ್ನು ಈ ಊರಿನ ಸಂಗೀತಗಾರರೊಬ್ಬರ ಮೊದಲ ರೆಕಾರ್ಡಿಗೆ ಮುಂಗಡವಾಗಿ ಕೊಡಿ. ಕನ್ನಡದ ಧ್ವನಿಯೊಂದು ಇದ್ದರೆ ಮರೆಯದೆ ಎರಡು ಪ್ರತಿ ಕೊಳ್ಳಿ, ಒಂದನ್ನು ಕೇಳಿ ಸವೆಸಿ, ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಡಿ.